ಸತ್ಯಾಂಶ: ರ‍್ಯಾಮ್ ಪೂರ್ತಿ ಕಾಣದಿದ್ದರೆ ಅದು ನಕಲಿಯೇ?

ಕಂಪ್ಯೂಟರ್‌ಗೆ 8 ಜಿಬಿ ರ‍್ಯಾಮ್ (ಕೆಲಸದ ವೇಳೆ ಬಳಸುವ ಮೆಮೊರಿ) ಹಾಕಿದ ಮೇಲೂ ವಿಂಡೋಸ್‌ನಲ್ಲಿ 3.25 ಜಿಬಿಯಷ್ಟೇ ಬಳಕೆಗೆ ಲಭ್ಯವೆಂದು ಕಂಡರೆ ಆ ರ‍್ಯಾಮ್ ನಕಲಿ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಮನೆಬಳಕೆಯ 32 ಬಿಟ್ ವಿಂಡೋಸ್ 4 ಜಿಬಿಯವರೆಗಿನ ಮೆಮೊರಿ ವಿಳಾಸಗಳನ್ನು ಮಾತ್ರ ಬಳಸುತ್ತದೆ. ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮುಂತಾದ ಸಾಧನಗಳಿಗೆ ಮೀಸಲಾಗುವುದರಿಂದ, ಎಷ್ಟೇ ರ‍್ಯಾಮ್ ಸೇರಿಸಿದರೂ ಈ ಅಂಕಿ ಏರುವುದಿಲ್ಲ. ಪ್ರೊಸೆಸರ್ ಒಪ್ಪುವುದಾದರೆ 64 ಬಿಟ್ ಆವೃತ್ತಿಯನ್ನು ಹೊಸದಾಗಿ ಹಾಕಿಕೊಳ್ಳುವುದೇ ದಾರಿ.

64 ಬಿಟ್ ಇದ್ದೂ ಬಹಳಷ್ಟು ಕಡಿಮೆ ಕಂಡರೆ, ಅಂಗಡಿಯವರೊಡನೆ ಜಗಳಕ್ಕಿಳಿಯುವ ಮೊದಲು, ಬಯಾಸ್ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶ) ಪರದೆಯಲ್ಲಿ ಎಷ್ಟು ತೋರಿಸುತ್ತದೆಂದು ನೋಡಬೇಕು. ಅಲ್ಲಿ ಪೂರ್ತಿ ಇದ್ದರೆ, ವಿಂಡೋಸ್‌ನ ಸೆಟ್ಟಿಂಗ್ ಸಾಧನವಾದ ಎಂಎಸ್‌ಕಾನ್ಫಿಗ್‌ನ (msconfig) ಬೂಟ್ ವಿಭಾಗದ ‘ಅಡ್ವಾನ್ಸ್ಡ್ ಆಪ್ಶನ್ಸ್’ನಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ ಗುರುತನ್ನು ತೆಗೆದು ಮರುಚಾಲನೆ ಮಾಡಬಹುದು. ಬಯಾಸ್‌ನಲ್ಲಿಯೂ ಕಡಿಮೆಯಿದ್ದರೆ, ವಿದ್ಯುತ್ ಸಂಪರ್ಕ ತಪ್ಪಿಸಿ, ಎರಡೂ ಬದಿಯ ಕೊಂಡಿ ಕಚ್ಚಿಕೊಳ್ಳುವಂತೆ ರ‍್ಯಾಮನ್ನು ಮತ್ತೆ ಕೂರಿಸಿ, ಮದರ್‌ಬೋರ್ಡ್‌ನ ಗರಿಷ್ಠ ಮಿತಿಯನ್ನೂ ಪರಿಶೀಲಿಸಬೇಕು.