15 ಆಂಪಿನ ಸಾಕೆಟ್ ಇದೆಯಾ?

ಪೆಟ್ರೋಲ್ ಬಂಕಿಗೆ ಹೋದಾಗ ಮನೆ ಯಜಮಾನನಿಗೆ ಒಂದು ಗತ್ತು ಬರುತ್ತದೆ, ಗಮನಿಸಿದ್ದೀರಾ? ಹೆಂಡತಿ ಮಕ್ಕಳು ಕಾರಿನೊಳಗೇ ಕೂತಿರುತ್ತಾರೆ. ಇವನೊಬ್ಬ ಇಳಿಯುತ್ತಾನೆ. ‘ಜೀರೋ ನೋಡ್ಕೊಳ್ಳಿ ಸಾರ್’ ಅನ್ನುತ್ತಾನೆ ಬಂಕಿನ ಹುಡುಗ. ಇವನು ಸೊಂಟದ ಮೇಲೆ ಕೈ ಇಟ್ಟುಕೊಂಡು ಜೀರೋ ನೋಡುತ್ತಾನೆ. ರೌಂಡ್ ಫಿಗರ್‌ಗೆ ಹಾಕಿಸಿದರೆ ಮೋಸ ಮಾಡ್ತಾರೆ ಅಂತ ಯಾರೋ ಹೇಳಿದ್ದು ತಲೆಯಲ್ಲಿದೆ. ಅದಕ್ಕೇ ಸಾವಿರದ ಹತ್ತು ರೂಪಾಯಿಗೆ ಹಾಕಿಸುತ್ತಾನೆ. ದುಡ್ಡು ಕೊಟ್ಟು ಬಂದು ಕೂರುತ್ತಾನೆ. ಎಷ್ಟಾಯ್ತು ಅಂತ ಯಾರೂ ಕೇಳುವುದಿಲ್ಲ, ಇವನೂ ಹೇಳುವುದಿಲ್ಲ. ತಿಂಗಳಿಗೆ ಪೆಟ್ರೋಲಿಗೆ ಎಷ್ಟು ಹೋಗುತ್ತದೆ ಅನ್ನುವುದು ಬಹಳಷ್ಟು ಮನೆಗಳಲ್ಲಿ ಗಂಡಸಿನ ಜೇಬಿನ ಗುಟ್ಟು.

ಎಲೆಕ್ಟ್ರಿಕ್ ಕಾರು ಬಂದು ಮೊದಲು ಬಯಲು ಮಾಡಿದ್ದು ಈ ಗುಟ್ಟನ್ನೇ. ಹೊಗೆ, ಹವಾಮಾನ, ಭೂಮಿಯ ಬಿಸಿ ಎಲ್ಲ ಆಮೇಲೆ. ಕಾರಿನ ಖರ್ಚು ಈಗ ಕರೆಂಟ್ ಬಿಲ್ಲಿನೊಳಗೆ ಬಂದು ಕೂತಿದೆ. ಕರೆಂಟ್ ಬಿಲ್ಲಿನ ಬಗ್ಗೆ ಮಾತಾಡುವ ಹಕ್ಕು ಮನೆಯ ಎಲ್ಲರಿಗೂ ಇದೆ. ಮೀಟರ್ ರೀಡರ್ ಬಂದು ಉದ್ದನೆಯ ಚೀಟಿಯನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾನೆ. ಮೊದಲು ನೋಡಿದವರು ಅಲ್ಲಿಂದಲೇ ಕೂಗು ಹಾಕುತ್ತಾರೆ. ‘ಗೀಸರ್ ಆಫ್ ಮಾಡಲ್ಲ’ ಅಂತ ವರ್ಷಗಟ್ಟಲೆ ಮಕ್ಕಳಿಗೆ ಬೈದ ಅಪ್ಪನನ್ನು ಈಗ ಮಕ್ಕಳು ಕೇಳುತ್ತಾರೆ, ‘ಹಾಗಾದ್ರೆ ಕಾರು?’

ಇದರಲ್ಲಿ ಒಂದು ವಿಚಿತ್ರ ಇದೆ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿ ಎಷ್ಟೋ ಕಾಲ ಆಯಿತು. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಾದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ ಏಳು ರೂಪಾಯಿ. ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುತ್ತದೆ. ಮನೆಯ ಕರೆಂಟಿನಲ್ಲಿ ಅದು ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ಏಳು ರೂಪಾಯಿ ಖರ್ಚಾಗುತ್ತಿದ್ದಾಗ ಯಾರೂ ಉಸಿರೆತ್ತಲಿಲ್ಲ. ಒಂದು ರೂಪಾಯಿಗೆ ಇಳಿದ ಮೇಲೆ ಜಗಳ ಶುರುವಾಯಿತು!

ಗೃಹಜ್ಯೋತಿ ಇರುವ ಮನೆಯಲ್ಲಂತೂ ಕೇಳಲೇಬೇಡಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಸೇರಿಸಿ, ಅಷ್ಟು ಯೂನಿಟ್ ಫ್ರೀ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವ ಕಾರು ಒಂದೇ 140 ಯೂನಿಟ್ ಮೇಲೆ ತಿನ್ನುತ್ತದೆ. ಫ್ರಿಜ್ಜು, ಟಿವಿ, ಮಿಕ್ಸಿ, ವಾಷಿಂಗ್ ಮೆಷಿನ್ ಎಲ್ಲ ಸೇರಿ ಕಷ್ಟಪಟ್ಟು ಉಳಿಸಿಕೊಂಡಿದ್ದ ಸೊನ್ನೆ ಬಿಲ್ಲನ್ನು ಹೊಸದಾಗಿ ಬಂದ ಇದು ಒಂದೇ ತಿಂಗಳಲ್ಲಿ ಹಾಳು ಮಾಡುತ್ತದೆ. ಬೇಕಾದರೆ ಕಾರಿಗೆ ಬೇರೆ ಮೀಟರ್ ಹಾಕಿಸಬಹುದು. ಹಾಕಿಸಿದರೆ ಗುಟ್ಟು ಇನ್ನೂ ಚೆನ್ನಾಗಿ ಬಯಲಾಗುತ್ತದೆ.

ಬೆಂಗಳೂರಿನವರಿಗೆ ಎಲೆಕ್ಟ್ರಿಕ್ ಕಾರು ಹೊಸ ವಿಷಯ ಏನಲ್ಲ. 2001ರಲ್ಲೇ ಈ ಊರಿನಲ್ಲಿ ರೇವಾ ತಯಾರಾಗಿ ರಸ್ತೆಗೆ ಬಂದಿತ್ತು. ಎರಡೇ ಬಾಗಿಲು. ಸೀಟಿನ ಕೆಳಗೆ ಲೆಡ್ ಆ್ಯಸಿಡ್ ಬ್ಯಾಟರಿ. ಒಂದು ಚಾರ್ಜಿಗೆ 80 ಕಿಲೋಮೀಟರ್. ಲಂಡನ್ನಿನ ಜನ ಅದನ್ನು ಜಿ-ವಿಜ್ ಅನ್ನುವ ಹೆಸರಲ್ಲಿ ಕೊಂಡು ಓಡಿಸಿದರು. ನಾವು ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತರೆ ಬಗ್ಗಿ ನೋಡಿ ನಗುತ್ತಿದ್ದೆವು. ನಕ್ಕವರಲ್ಲಿ ಎಷ್ಟು ಜನ ಈಗ ಹಸಿರು ನಂಬರ್ ಪ್ಲೇಟಿನ ಹಿಂದೆ ಕೂತು ಗಂಭೀರವಾಗಿ ‘ರೇಂಜ್’, ಅಂದರೆ ಒಂದು ಚಾರ್ಜಿಗೆ ಓಡುವ ದೂರದ ಬಗ್ಗೆ ಭಾಷಣ ಮಾಡುತ್ತಾರೋ!

ಈ ರೇಂಜಿನ ಮಾತೂ ಹಳೆಯದೇ. ‘ಎಷ್ಟು ಕೊಡುತ್ತೆ?’ ಅಂತ ಕೇಳದೆ ನಮ್ಮಲ್ಲಿ ಯಾರೂ ಯಾರ ಕಾರನ್ನೂ ನೋಡಿದ್ದಿಲ್ಲ. ಉತ್ತರದಲ್ಲಿ ಸ್ವಲ್ಪ ಸುಳ್ಳು ಸೇರಿರುತ್ತದೆ ಅಂತ ಇಬ್ಬರಿಗೂ ಗೊತ್ತು. ಮೊದಲು ಆ ಸುಳ್ಳನ್ನು ಮಾಲೀಕ ಹೇಳುತ್ತಿದ್ದ. ಈಗ ಕಾಗದವೇ ಹೇಳುತ್ತದೆ. 2020ರಲ್ಲಿ ಟಾಟಾ ನೆಕ್ಸಾನ್ ಇವಿ ಬಂದಾಗ ಕಾಗದದ ಮೇಲೆ 312 ಕಿಲೋಮೀಟರ್ ಇತ್ತು. ಓಡಿಸಿದವರು ಹೇಳುತ್ತಿದ್ದದ್ದು 200ರ ಆಸುಪಾಸು. ಎಸಿ ಹಾಕಿದರೆ, ಹೈವೇಯಲ್ಲಿ ಜೋರಾಗಿ ಹೋದರೆ ಇನ್ನೂ ಕಮ್ಮಿ. ಪೆಟ್ರೋಲ್ ಮುಳ್ಳು ಕೆಂಪಿಗೆ ಬಂದರೂ ‘ಇನ್ನೂ ಐವತ್ತು ಕಿಲೋಮೀಟರ್ ಓಡುತ್ತೆ ಬಿಡು’ ಅನ್ನುತ್ತಿದ್ದ ಧೈರ್ಯಶಾಲಿಗಳು, ಇಲ್ಲಿ 30 ಪರ್ಸೆಂಟ್ ಕಂಡ ಕೂಡಲೇ ಎಸಿ ಆಫ್ ಮಾಡಿ ಕಿಟಕಿ ಇಳಿಸುತ್ತಾರೆ.

ಅದೇ ಪರ್ಸೆಂಟು ಘಾಟಿಯಲ್ಲಿ ಬೇರೆಯೇ ಆಟ ಆಡುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಿರಿ. ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಮೋಟಾರು ಜನರೇಟರ್ ಆಗಿ ಗಾಡಿಯನ್ನು ತಡೆಯುತ್ತದೆ, ಕರೆಂಟು ಬ್ಯಾಟರಿಗೆ ವಾಪಸ್ ಹೋಗುತ್ತದೆ. ತಿರುವು ತಿರುವಿಗೂ ಪರ್ಸೆಂಟು ನಿಲ್ಲುತ್ತದೆ, ಒಂದೊಂದಾಗಿ ಮೇಲೆ ಏರುತ್ತದೆ. ಹಳೇ ಡೀಸೆಲ್ ಗಾಡಿಯಲ್ಲಿ ಘಾಟಿ ಇಳಿದರೆ ಬ್ರೇಕಿನ ಸುಟ್ಟ ವಾಸನೆ ಬರುತ್ತಿತ್ತು, ಟ್ಯಾಂಕಿಗೆ ಒಂದು ತೊಟ್ಟೂ ವಾಪಸ್ ಬರುತ್ತಿರಲಿಲ್ಲ. ಇದು ನನಗೆ ನಿಜಕ್ಕೂ ಇಷ್ಟವಾದ ವಿಷಯ. ಹತ್ತುವಾಗ ತಿಂದಷ್ಟನ್ನೂ ಇಳಿಯುವಾಗ ಕೊಡುವುದಿಲ್ಲ, ಅದು ಬೇರೆ ಮಾತು. ಸಾಲ ಕೊಟ್ಟ ದುಡ್ಡಿನಲ್ಲಿ ಅರ್ಧ ವಾಪಸ್ ಬಂದರೂ ಖುಷಿಪಡುವವರು ನಾವು.

ಹೊಗೆಯ ವಿಷಯಕ್ಕೆ ಬಂದರೆ, ನಮ್ಮ ರಸ್ತೆಯಿಂದ ಹೋಯಿತು ಅನ್ನುವುದು ನಿಜ. ಆದರೆ ಪಾವಗಡದ ಸೋಲಾರ್ ಪಾರ್ಕ್, 2050 ಮೆಗಾವ್ಯಾಟಿನದು, ದುಡಿಯುವುದು ಹಗಲಲ್ಲಿ. ಆಗ ನಮ್ಮ ಕಾರು ಆಫೀಸಿನ ಬೇಸ್‌ಮೆಂಟಿನಲ್ಲಿ ಸುಮ್ನೆ ನಿಂತಿರುತ್ತದೆ. ನಾವು ಪ್ಲಗ್ ಚುಚ್ಚುವುದು ರಾತ್ರಿ. ಆಗ ಶರಾವತಿಯ ನೀರು ಸ್ವಲ್ಪ, ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಸ್ವಲ್ಪ, ಎಲ್ಲ ಬೆರೆತು ಬರುತ್ತದೆ. ಹಾಗಂತ ಪೆಟ್ರೋಲೇ ವಾಸಿ ಅಂತ ವಾದಿಸುವವರ ಜೊತೆ ನಾನಿಲ್ಲ. ಪೆಟ್ರೋಲ್ ಎಂಜಿನ್ ಮುಕ್ಕಾಲು ಪಾಲನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ಮೋಟಾರು ಅಷ್ಟು ದುಂದು ಮಾಡುವುದಿಲ್ಲ. ‘ನಮ್ದು ಜೀರೋ ಪೊಲ್ಯೂಷನ್’ ಅಂತ ಎದೆ ತಟ್ಟಿಕೊಳ್ಳುವಾಗ ಶಕ್ತಿನಗರದವರು ಪಕ್ಕದಲ್ಲಿಲ್ಲದಿದ್ದರೆ ಒಳ್ಳೆಯದು, ಅಷ್ಟೇ.

ಊರಿಗೆ ಹೋದಾಗ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ನೆಂಟರ ಮನೆಗೆ ಹೋಗಿ ಯಾರಾದರೂ ‘ಎರಡು ಲೀಟರ್ ಪೆಟ್ರೋಲ್ ಕೊಡಿ’ ಅಂತ ಕೇಳಿದ್ದುಂಟಾ? ಆದರೆ ಈಗ ಫೋನಿನಲ್ಲೇ ಕೇಳುತ್ತೇವೆ, ‘ನಿಮ್ಮಲ್ಲಿ 15 ಆಂಪಿನ ಸಾಕೆಟ್ ಇದೆಯಾ?’ ಬೆಂಗಳೂರಿನಿಂದ ತಿಪಟೂರಿನ ಕಡೆಗೆ 140 ಕಿಲೋಮೀಟರ್ ಆಸುಪಾಸು. ಹೋಗುವುದಕ್ಕೆ ಚಿಂತೆ ಇಲ್ಲ, ಬರುವುದಕ್ಕೆ ಬೇಕಲ್ಲ. ದಾರಿಯ ಹೋಟೆಲೊಂದರಲ್ಲಿ ಚಾರ್ಜರ್ ಇದೆ ಅಂತ ಮ್ಯಾಪ್ ತೋರಿಸಿತ್ತು. ಇತ್ತು ಕೂಡ. ಅದರ ಮೇಲೆ ಒಗೆದ ಟವೆಲ್ ಒಣಹಾಕಿದ್ದರು.

ತೆಂಗಿನ ತೋಟದ ನಡುವಿನ ನೆಂಟರ ಮನೆಗೆ ತಲುಪಿದಾಗ ರಾತ್ರಿ ಆಗಿತ್ತು. ಸಾಕೆಟ್ ಇತ್ತು, ಗೀಸರಿನದು. ವೈರನ್ನು ಕಿಟಕಿಯಿಂದ ಹೊರಗೆ ಎಳೆದು ಚುಚ್ಚಿದರೆ ಚಾರ್ಜರ್ ಡಬ್ಬದ ಮೇಲೆ ಕೆಂಪು ಲೈಟು ಮಿಣಮಿಣ ಅಂತು. ನಾನು ಫೋನಿನಲ್ಲಿ ಮ್ಯಾನ್ಯುಯಲ್ ಹುಡುಕತೊಡಗಿದೆ. ಮಾವ ಒಮ್ಮೆ ಲೈಟು ನೋಡಿದರು. ‘ಅರ್ತಿಂಗ್ ಸಾಲ್ದು’ ಅಂದವರೇ ಒಂದು ಕೊಡ ನೀರು ತಂದು ಮನೆ ಹಿಂದಿನ ಅರ್ತಿಂಗ್ ಗುಂಡಿಗೆ ಸುರಿದರು. ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಗುಂಡಿ ಅದು. ಬೇಸಿಗೆಯಲ್ಲಿ ಒಣಗಿ ಹೋಗುತ್ತದಂತೆ. ಮತ್ತೆ ಚುಚ್ಚಿದರೆ ಹಸಿರು ಲೈಟು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಯಾವಾಗ ಬರುತ್ತದೆ ಅಂತ ಅರ್ಧ ರಾತ್ರಿಯಲ್ಲಿ ಎದ್ದು ಹೋಗುವ ಜನ ಅವರು. ವೋಲ್ಟೇಜ್ ಇಳಿದದ್ದು ಫ್ಯಾನಿನ ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತದೆ. ಆ್ಯಪ್ ನೋಡಿಕೊಂಡು ಗಾಡಿ ಓಡಿಸುವ ನಮಗಿಂತ ಎಲೆಕ್ಟ್ರಿಕ್ ಕಾರು ಇಟ್ಟುಕೊಳ್ಳುವ ಯೋಗ್ಯತೆ ಅವರಿಗೇ ಜಾಸ್ತಿ.

ಲೈಟು ಹಸಿರಾದ ಮೇಲೆ ನನಗೆ ಬೇರೆ ಯೋಚನೆ ಹತ್ತಿತು. ಇದಕ್ಕೆ ದುಡ್ಡು ಕೊಡಬೇಕಾ, ಬೇಡವಾ? ಇಪ್ಪತ್ತು ಯೂನಿಟ್ ಅಂದರೆ ನೂರು ನೂರೈವತ್ತು ರೂಪಾಯಿ. ಕೊಟ್ಟರೆ ಊಟಕ್ಕೆ ದುಡ್ಡು ಕೊಟ್ಟಂತಾಗುತ್ತದೆ. ಕೊಡದಿದ್ದರೆ, ಅವರದೂ ಗೃಹಜ್ಯೋತಿಯ ಮನೆ. ನನ್ನ ಇಪ್ಪತ್ತು ಯೂನಿಟ್ ಅವರನ್ನು 200ರ ಗೆರೆ ದಾಟಿಸಿಬಿಟ್ಟರೆ? ಇನ್ನು ಮೇಲೆ ಹಣ್ಣಿನ ಜೊತೆ ಒಂದು ಕೇಜಿ ಮೈಸೂರ್ ಪಾಕ್ ಜಾಸ್ತಿ ತರುವುದು ಅಂತ ನಾನೇ ಒಂದು ಟ್ಯಾರಿಫ್ ನಿಗದಿ ಮಾಡಿಕೊಂಡೆ.

ರಾತ್ರಿ ಯಾವಾಗಲೋ ಕರೆಂಟ್ ಹೋಗಿತ್ತು. ‘ಕೆಇಬಿಯವರು ತೆಗೆದಿರ್ತಾರೆ’ ಅಂದರು ಮಾವ. ಕೆಇಬಿ ಇಲ್ಲವಾಗಿ ಕಾಲು ಶತಮಾನ ಆಯಿತು, ಊರಿನಲ್ಲಿ ಅದಿನ್ನೂ ಜೀವಂತ. ಬೆಳಿಗ್ಗೆ ನೋಡಿದರೆ 68 ಪರ್ಸೆಂಟ್. ಹೊರಡಬಹುದಾ, ಸಾಲುತ್ತಾ ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ನಿಂತಿದ್ದೆ. ಅತ್ತೆ ಹಿತ್ತಲ ಬಾಗಿಲಿಂದ ಬಂದು ಕೇಳಿದರು, ‘ಫುಲ್ ಆಯ್ತಾ?’

‘ಇಲ್ಲ, 68.’

‘ಒಳ್ಳೇದಾಯ್ತು ಬಿಡು. ನೂರು ಆಗೋವರೆಗೂ ಇರು. ಒಬ್ಬಟ್ಟಿಗೆ ಬೇಳೆ ಬೇಯೋಕೆ ಇಟ್ಟಿದ್ದೀನಿ.’