ಫೋನು ಹೆಡ್‌ಸೆಟ್ ಆಗಲು ಒಪ್ಪಲಿಲ್ಲ

ನನ್ನ ಹೆಡ್‌ಸೆಟ್ಟಿನ ವೈರು ಕುರ್ಚಿಯ ಚಕ್ರಕ್ಕೆ ಸಿಕ್ಕಿ ಪ್ರಾಣ ಬಿಟ್ಟಿತು. ನಾನೇನೂ ಅಳಲಿಲ್ಲ. ಅದಿದ್ದಷ್ಟು ದಿನ ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ಮೇಜಿನ ಸುತ್ತಲೇ ಇರಬೇಕಿತ್ತು. ಒಮ್ಮೆ ಮರೆತು ಎದ್ದಾಗ ಲ್ಯಾಪ್‌ಟಾಪೂ ನನ್ನನ್ನು ಬೀಳ್ಕೊಡಲು ಮೇಜಿನ ಅಂಚಿನವರೆಗೆ ಬಂದಿತ್ತು.

ಹೊಸದು ಕೊಳ್ಳೋಣ ಅನ್ನುವಷ್ಟರಲ್ಲಿ ತಲೆಗೆ ಒಂದು ಉಪಾಯ ಹೊಳೆಯಿತು. ಮೈಕು, ಸ್ಪೀಕರು, ಬ್ಯಾಟರಿ, ಬ್ಲೂಟೂತು ಎಲ್ಲ ಇರುವ ವಸ್ತು ಜೇಬಲ್ಲೇ ಇದೆಯಲ್ಲ! ಫೋನನ್ನೇ ಲ್ಯಾಪ್‌ಟಾಪಿಗೆ ಹೆಡ್‌ಸೆಟ್ ಮಾಡಿಕೊಂಡರಾಯ್ತು. ನನಗೆ ದುಡ್ಡು ಉಳಿಸುವ ಐಡಿಯಾ ಬಂದಾಗಲೆಲ್ಲ ಹೆಂಡತಿ ನಿಟ್ಟುಸಿರು ಬಿಡುತ್ತಾಳೆ. ಅವತ್ತೂ ಬಿಟ್ಟಳು.

ಬ್ಲೂಟೂತಿನಲ್ಲಿ ಎರಡನ್ನೂ ಜೋಡಿಸಿದೆ. 'ಕನೆಕ್ಟೆಡ್' ಅಂತಲೂ ಬಂತು. ಆದರೆ ಲ್ಯಾಪ್‌ಟಾಪಿನ ಮೈಕುಗಳ ಪಟ್ಟಿಯಲ್ಲಿ ಫೋನಿನ ಹೆಸರೇ ಇಲ್ಲ. ಏನೇನೋ ಒತ್ತಿದ ಮೇಲೆ ಫೋನಿನಲ್ಲಿದ್ದ ಹಾಡು ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಬರತೊಡಗಿತು. ನನಗೆ ಬೇಕಾಗಿದ್ದು ಇದರ ಉಲ್ಟಾ.

ಮಗಳು ಬಂದು ಬಿಡಿಸಿ ಹೇಳಿದಳು. ಬ್ಲೂಟೂತಿನ ಕರೆಗಳಲ್ಲಿ ಎರಡು ಪಾತ್ರ ಇರುತ್ತವಂತೆ. ಒಂದು ಕರೆಯನ್ನು ಕೊಡುವ 'ಆಡಿಯೊ ಗೇಟ್‌ವೇ', ಇನ್ನೊಂದು ಅದನ್ನು ಕೇಳಿಸುವ ಹೆಡ್‌ಸೆಟ್ಟೋ ಕಾರಿನ ಸ್ಪೀಕರೋ. ಫೋನು ಸಾಮಾನ್ಯವಾಗಿ ಮೊದಲನೆಯ ಪಾತ್ರವನ್ನೇ ಮಾಡುತ್ತದೆ. ಕಂಪ್ಯೂಟರಿಗೂ ಅದೇ ಬೇಕು. ಇಬ್ಬರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು? ಜನರನ್ನು ಒಂದುಗೂಡಿಸಿದ 10ನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತನ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಪಾಪ, ನನ್ನ ಮೇಜಿನ ಮೇಲಿದ್ದ ಇಬ್ಬರನ್ನು ಒಂದುಗೂಡಿಸಲು ಆ ದೊರೆಯಿಂದಲೂ ಆಗಲಿಲ್ಲ.

ಸೋಲೊಪ್ಪುವುದುಂಟೇ? ವೈಫೈ ಮೂಲಕ ಫೋನನ್ನು ಮೈಕು ಮಾಡುವ ಆ್ಯಪ್ ಹಾಕಿಕೊಂಡೆ. ಫೋನಿನಲ್ಲೊಂದು, ಲ್ಯಾಪ್‌ಟಾಪಿನಲ್ಲಿ ಅದರ ಜೋಡಿ. ಕೇಳಿಸಿಕೊಳ್ಳಲು ಲ್ಯಾಪ್‌ಟಾಪಿನ ಸ್ಪೀಕರು. ಅಂತೂ ಕೈಕಾಲು ಆಡಿಸುತ್ತಾ ಮೀಟಿಂಗ್ ಮಾಡುವ ಭಾಗ್ಯ ಬಂತು.

ಫೋನಿನಲ್ಲಿ ಮಾತು ಅತ್ತ ತಲುಪಲು 150 ಮಿಲಿಸೆಕೆಂಡಿಗಿಂತ ಜಾಸ್ತಿ ತಗೊಳ್ಳಬಾರದು ಅನ್ನುತ್ತಾರೆ ಬಲ್ಲವರು. ನನ್ನ ಮಾತು ಎರಡು ಸೆಕೆಂಡು ಆರಾಮಾಗಿ ನಡೆದುಕೊಂಡು ಹೋಗುತ್ತಿತ್ತು. ನನಗದು ಗೊತ್ತಿರಲಿಲ್ಲ. "ನನ್ನ ಧ್ವನಿ ಕೇಳಿಸ್ತಿದೆಯಾ?" ಅಂದರು ಮ್ಯಾನೇಜರು. "ಖಂಡಿತ ಸಾರ್" ಅಂದೆ. ಅದು ಅಲ್ಲಿ ತಲುಪುವಷ್ಟರಲ್ಲಿ ಅವರು, "ಶನಿವಾರ ಯಾರು ಬರ್ತೀರಾ?" ಅಂತ ಕೇಳಿ ಆಗಿತ್ತು. ಆ ಶನಿವಾರ ಆಫೀಸಿನಲ್ಲಿ ನಾನೊಬ್ಬನೇ ಇದ್ದೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಮುಂದಿನ ವಾರ ಸರ್ವರ್ ಯಾಕೆ ಕೆಟ್ಟಿತು ಅಂತ ನಾನೇ ವಿವರಿಸಬೇಕಿತ್ತು. ಫೋನನ್ನು ಬಾಯಿಯ ಹತ್ತಿರ ಹಿಡಿದು, ಕೋಣೆಯಲ್ಲಿ ಅತ್ತಿತ್ತ ನಡೆಯುತ್ತಾ ಭಾಷಣ ಶುರು ಮಾಡಿದೆ. ಆಗಲೇ ಫೋನಿಗೆ ತಾನು ಫೋನು ಅನ್ನುವುದು ನೆನಪಾಯಿತು. ಸೈಲೆಂಟಿನಲ್ಲಿದ್ದಾಗ ಭಾವನ ಕರೆ ಬಂದಿದೆ, ನನ್ನ ಹೆಬ್ಬೆರಳು ಅದನ್ನು ಎತ್ತಿಕೊಂಡಿದೆ. ಕರೆ ಬಂದ ಮೇಲೆ ಮೈಕು ಆ್ಯಪಿನ ಕೈತಪ್ಪಿ ಕರೆಯ ಪಾಲಾಯಿತು. ಆಫೀಸಿನವರು ಇವನ ನೆಟ್ ಹೋಗಿದೆ ಅಂದುಕೊಂಡು ಮುಂದಿನ ವಿಷಯಕ್ಕೆ ಹೋದರು. ನಾನು ಮಾತ್ರ ಎಂಟು ನಿಮಿಷ ಕಣ್ಣುಮುಚ್ಚಿ ವಿವರಿಸಿದೆ. ಸಂಜೆ ಭಾವನ ಮೆಸೇಜು: "ಸರ್ವರ್ ವಿಷಯ ಪೂರ್ತಿ ಅರ್ಥ ಆಯ್ತು. ತಪ್ಪು ನಿನ್ನದೇ ಅನ್ಸುತ್ತೆ. ಆದ್ರೆ ನಿಮ್ಮಕ್ಕ ಕೇಳಿದ್ದು ಭಾನುವಾರ ಬರ್ತೀಯಾ ಅಂತ."

"ಅಪ್ಪ, ಮೀಟಿಂಗಿಗೇ ಫೋನಿಂದ ಸೇರ್ಕೋಬಹುದಲ್ವಾ?" ಅಂದಳು ಮಗಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳ್ಲಿಲ್ಲ" ಅಂದಳು.

ಸರಿ, ಸೇರಿಕೊಂಡೆ. ಲ್ಯಾಪ್‌ಟಾಪಿನಲ್ಲಿ ಆಗಲೇ ಸೇರಿದ್ದು ಮರೆತುಹೋಗಿತ್ತು. ಇದರ ಸ್ಪೀಕರಿನ ಸದ್ದು ಅದರ ಮೈಕಿಗೆ, ಅದರದ್ದು ಇದಕ್ಕೆ, ಸುತ್ತಿ ಸುತ್ತಿ ಬೆಳೆದು ಕುಂಯ್ಯೋ ಅಂತ ಕಿರುಚಿಕೊಂಡಿತು. ಹದಿನಾಲ್ಕು ಜನ ಒಟ್ಟಿಗೆ ಕಿವಿ ಮುಚ್ಚಿಕೊಂಡಿದ್ದನ್ನು ಅವತ್ತೇ ನೋಡಿದ್ದು. ಇದಕ್ಕೆ ಲಾರ್ಸನ್ ಪರಿಣಾಮ ಅಂತ ಹೆಸರು. ಆ ಲಾರ್ಸನ್ ಎಂಬ ವಿಜ್ಞಾನಿಯೂ ಡೆನ್ಮಾರ್ಕಿನವನೇ. ಆ ದೇಶಕ್ಕೂ ನನಗೂ ಯಾವ ಜನ್ಮದ ಲೆಕ್ಕ ಬಾಕಿ ಇದೆಯೋ.

ಲ್ಯಾಪ್‌ಟಾಪಿನ ಬಾಯಿ ಕಿವಿ ಎರಡನ್ನೂ ಮುಚ್ಚಿದೆ. ಆಹಾ, ಎಂಥ ಶಾಂತಿ! ಫೋನನ್ನು ಕಿವಿಗಿಟ್ಟುಕೊಂಡು, ಕುರ್ಚಿಗೆ ಒರಗಿ, ಗಂಭೀರವಾಗಿ ಮಾತಾಡಿದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಎಲ್ಲರೂ ಇಷ್ಟು ಗಮನ ಕೊಟ್ಟು ಕೇಳಿದ್ದು ಅದೇ ಮೊದಲು. ಮುಗಿಸಿದಾಗ ಮ್ಯಾನೇಜರು ಮೆಲ್ಲಗೆ ಕೆಮ್ಮಿದರು.

"ವಿವರ ಚೆನ್ನಾಗಿತ್ತು. ಆದ್ರೆ ನಿಮ್ಮ ಕ್ಯಾಮೆರಾ ಆನ್ ಇದೆ. ಇಷ್ಟು ಹೊತ್ತೂ ನಾವೆಲ್ಲ ನಿಮ್ಮ ಕಿವಿಯ ಒಳಗಡೆ ನೋಡ್ತಾ ಕೂತಿದ್ವಿ."