ಮನೆಯ ಲ್ಯಾಪ್‌ಟಾಪಿನ ಫೋಟೋ ಆಫೀಸಿಗೆ ಕಾಣುತ್ತದಾ?

ಮನೆಯಿಂದ ಆಫೀಸಿನ ಕಂಪ್ಯೂಟರಿಗೆ ಕನೆಕ್ಟ್ ಆದರೆ ನಿಮ್ಮ ಫೋಟೋ, ಫೈಲೆಲ್ಲ ಅಲ್ಲಿನವರಿಗೆ ಕಾಣುತ್ತವೆ ಅನ್ನೋ ಮೆಸೇಜ್ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಳಿಸುವವರದು ಕಾಳಜಿಯೇ. ಆದರೆ ವಿಷಯ ಹಾಗಿಲ್ಲ.

ಗದಗದ ಮನೆಯಲ್ಲಿ ಕೂತು ಹುಬ್ಬಳ್ಳಿ ಆಫೀಸಿನ ಕಂಪ್ಯೂಟರನ್ನು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪಿನಲ್ಲಿ ತೆರೆದಿರಿ ಅನ್ನಿ. ಅಲ್ಲಿಂದ ಬರುವುದು ಪರದೆಯ ಚಿತ್ರ, ಸದ್ದು. ಇಲ್ಲಿಂದ ಹೋಗುವುದು ಮುಖ್ಯವಾಗಿ ನೀವು ಒತ್ತುವ ಕೀ, ಆಡಿಸುವ ಮೌಸ್. ಫೈಲುಗಳು ಸುಮ್ನೆ ತಾವಾಗಿ ಹೋಗುವುದಿಲ್ಲ. ಅದಕ್ಕೆ ಡ್ರೈವ್ (ಫೈಲುಗಳಿರುವ ಡಿಸ್ಕ್) ಹಂಚಲು ಟಿಕ್ ಹಾಕಿರಬೇಕು.

ಬೇಕಾದರೆ ನೀವೇ ನೋಡಿ. ಕನೆಕ್ಟ್ ಆಗುವ ಮೊದಲು 'ಶೋ ಆಪ್ಷನ್ಸ್' ಒತ್ತಿ, 'ಲೋಕಲ್ ರಿಸೋರ್ಸಸ್'ಗೆ ಹೋಗಿ 'ಮೋರ್' ತೆರೆಯಿರಿ. 'ಡ್ರೈವ್ಸ್' ಪಕ್ಕದ ಚೌಕ ಖಾಲಿ ಇದ್ದರೆ ಡ್ರೈವ್ ಹಂಚಿಲ್ಲ. ಹಂಚಿದ್ದರೆ, ಆಫೀಸ್ ಕಂಪ್ಯೂಟರಿನ 'ದಿಸ್ ಪಿಸಿ'ಯಲ್ಲಿ ನಿಮ್ಮ ಲ್ಯಾಪ್‌ಟಾಪಿನ ಹೆಸರಿನ ಜೊತೆ ಅದು ಕಾಣುತ್ತದೆ.

ಆದರೆ ಅದೇ 'ಲೋಕಲ್ ರಿಸೋರ್ಸಸ್'ನಲ್ಲಿ ಕ್ಲಿಪ್‌ಬೋರ್ಡಿಗೆ, ಅಂದರೆ ಕಾಪಿ ಮಾಡಿದ್ದು ಪೇಸ್ಟ್ ಮಾಡುವವರೆಗೆ ಉಳಿಯುವ ಜಾಗಕ್ಕೆ, ಸಾಮಾನ್ಯವಾಗಿ ಮೊದಲೇ ಟಿಕ್ ಇರುತ್ತದೆ. ಇಲ್ಲಿ ಕಾಪಿ ಮಾಡಿದ ಬ್ಯಾಂಕ್ ಪಾಸ್‌ವರ್ಡ್ ಅಲ್ಲಿ ಪೇಸ್ಟ್ ಆಗುತ್ತದೆ! ನಾನಂತೂ ಆ ಟಿಕ್ ತೆಗೆದೇ ಇಡುತ್ತೇನೆ.

ಆಫೀಸ್ ಕಂಪ್ಯೂಟರಿನೊಳಗೆ ಮಾಡಿದ್ದು ಆಫೀಸಿಗೆ ಗೊತ್ತಾಗಬಹುದು, ಅದು ಅವರದೇ ಯಂತ್ರ ಅಲ್ವಾ. ಇನ್ನು ಕಂಪನಿಯವರು ನಿಮ್ಮ ಲ್ಯಾಪ್‌ಟಾಪಿಗೇ ಬೇರೆ ಸಾಫ್ಟ್‌ವೇರ್ ಹಾಕಿಸಿದ್ದರೆ ಲೆಕ್ಕ ಬೇರೆ. ಅದು ಏನೇನು ನೋಡುತ್ತದೆ ಅಂತ ಅಲ್ಲಿನ ಐಟಿಯವರನ್ನೇ ಕೇಳಿ.